ಇಂದಿನ ಮಸೀದಿ ಮತ್ತು ಸಮುದಾಯ ಕೇಂದ್ರದ ವಾಸ್ತುಶಿಲ್ಪ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಮಸೀದಿಯ ನಕ್ಷೆ ಮೇಜಿನ ಮೇಲೆ ಬಂದಾಗ ಕಟ್ಟುವ ಸಮಿತಿಯವರು, ವಾಸ್ತುಶಿಲ್ಪದ ವಿದ್ಯಾರ್ಥಿಗಳು, ಪಕ್ಕದ ಮನೆಯವರು ಮತ್ತು ಕೇವಲ ಕುತೂಹಲವುಳ್ಳವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಮಾತುಕತೆಗಳಲ್ಲಿಯೂ ಪತ್ರಗಳಲ್ಲಿಯೂ ಮರಳಿ ಮರಳಿ ಬಂದ ಅಂತಹ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲಿಯೇ ಉಳಿಸಿಕೊಂಡು, ಸರಳವಾದವುಗಳಿಂದ ತಾಂತ್ರಿಕವಾದವುಗಳ ಕಡೆಗೆ ಇಲ್ಲಿ ಜೋಡಿಸಲಾಗಿದೆ.

## ಮೊದಲ ಪರಿಚಯ

ಗುಮ್ಮಟವೂ ಇಲ್ಲ, ಮಿನಾರೂ ಇಲ್ಲ. ಇದನ್ನು ಮಸೀದಿ ಎಂದು ಹೇಗೆ ಕರೆಯುವುದು?

ಕರೆಯಬಹುದು. ಕ್ರಿ.ಶ. 622ರಲ್ಲಿ ಪ್ರವಾದಿಯವರು ಮದೀನಾಕ್ಕೆ ಬಂದ ಬಳಿಕ ಅಲ್ಲಿ ಕಟ್ಟಿದ ಮಸೀದಿಯು ಹಸಿ ಇಟ್ಟಿಗೆಯ ಗೋಡೆಗಳಿಂದ ಸುತ್ತುವರಿದ ಅಂಗಳವಾಗಿತ್ತು. ಅದರ ಒಂದು ಭಾಗಕ್ಕೆ ಖರ್ಜೂರದ ಮರದ ಕಾಂಡಗಳೇ ಕಂಬ, ಗರಿಗಳೇ ಮಾಡು. ನಮಾಜಿನ ಕರೆಯಾದ ಆಜಾನ್ ಕೂಗಲು ಎತ್ತರದ ಮಾಡನ್ನು ಹತ್ತುತ್ತಿದ್ದರು, ಮಿನಾರ್ ಇರಲಿಲ್ಲ. ಪ್ರಾರ್ಥನೆಯ ದಿಕ್ಕನ್ನು ತೋರಿಸಲು ಗೋಡೆಯೊಳಗೆ ಕೊರೆದ ಗೂಡಿನಂತಹ ಮಿಹ್ರಾಬ್ ಕೂಡ ಎಂಟನೆಯ ಶತಮಾನದ ಆರಂಭದಲ್ಲಿ, ಉಮಯ್ಯದ್ ಖಲೀಫ ಅಲ್-ವಲೀದನು ಅದೇ ಮಸೀದಿಯನ್ನು ಮರಳಿ ಕಟ್ಟಿಸಿದಾಗ ಬಂದ ಅಂಗ. ಇಂದು ನಾವು ಅನಿವಾರ್ಯವೆಂದು ಭಾವಿಸಿರುವ ಗುರುತುಗಳಲ್ಲಿ ಹೆಚ್ಚಿನವು ನಂತರದ ರಾಜವಂಶಗಳ, ಆಯಾ ಪ್ರದೇಶಗಳ ಕಟ್ಟೋಣದ ರೂಢಿಗಳು. ಢಾಕಾದಲ್ಲಿ 2012ರಲ್ಲಿ ಪೂರ್ಣಗೊಂಡ, ಮರೀನಾ ತಬಸ್ಸುಮ್ ವಿನ್ಯಾಸದ ಬೈತುರ್ ರೌಫ್ ಮಸೀದಿಯಲ್ಲಿ ಗುಮ್ಮಟವೂ ಮಿನಾರೂ ಇಲ್ಲ. 2016ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು.

ಹಾಗಾದರೆ ಬೇಕೇ ಬೇಕಾದುದು ಏನು?

ದಿಕ್ಕು, ಸಾಲು ಮತ್ತು ಶುಚಿ ಎಂದು ನಾನು ಉತ್ತರಿಸುತ್ತೇನೆ. ಎಲ್ಲರೂ ಮಕ್ಕಾದ ಕಾಬಾದ ಕಡೆಗೆ, ಅಂದರೆ ಕಿಬ್ಲಾದ ಕಡೆಗೆ ಮುಖ ಮಾಡಿ ನಿಲ್ಲಬೇಕು. ಭುಜಕ್ಕೆ ಭುಜ ತಾಗುವ ನೇರ ಸಾಲುಗಳಲ್ಲಿ ನಿಲ್ಲಬೇಕು. ವುಜೂ ಮಾಡಿ, ಅಂದರೆ ಕೈ, ಮುಖ, ಕಾಲು ತೊಳೆದು, ಪಾದರಕ್ಷೆ ಕಳಚಿ, ಹಣೆ ಊರಬಹುದಾದಷ್ಟು ಶುಚಿಯಾದ ನೆಲದ ಮೇಲೆ ನಿಲ್ಲಬೇಕು. ಶುಕ್ರವಾರದ ಪ್ರವಚನಕ್ಕೆ ಮಿಂಬರ್ ಬೇಕು, ಅದು ಮೂರು ಮೆಟ್ಟಿಲಿನ ಮರದ ಪೀಠವಾಗಿದ್ದರೂ ಸಾಕು. ಒಳ್ಳೆಯ ನಕ್ಷೆ ಈ ಅಗತ್ಯಗಳಿಂದ ಬೆಳೆದು ಬರುತ್ತದೆ. ಹೊರಗಿನ ಆಕಾರವನ್ನು ಮೊದಲು ಗೊತ್ತುಮಾಡಿ ಇವುಗಳನ್ನು ನಂತರ ಒಳಗೆ ತುರುಕಿದ ನಕ್ಷೆಯಲ್ಲಿ ಕಂಬ ಸಾಲಿನ ನಡುವೆ ಬಂದು ನಿಲ್ಲುತ್ತದೆ.

ನಮಾಜಿಗೆ ಮಸೀದಿ ಸಾಕಲ್ಲವೇ? ಸಮುದಾಯ ಕೇಂದ್ರ ಎನ್ನುವುದು ಈಗಿನ ಹೊಸ ಫ್ಯಾಷನ್ ಅಲ್ಲವೇ?

ಹೆಸರು ಹೊಸದು, ಸಂಗತಿ ಹಳೆಯದು. ಮದೀನಾದ ಆ ಮೊದಲ ಅಂಗಳದಲ್ಲಿಯೇ ಸುಫ್ಫಾ ಎಂಬ ನೆರಳಿನ ಜಗಲಿಯಿತ್ತು. ಮನೆಯಿಲ್ಲದವರು ಅಲ್ಲಿ ತಂಗುತ್ತಿದ್ದರು, ಕಲಿಯುತ್ತಿದ್ದರು. ಇಸ್ತಾಂಬುಲ್‌ನಲ್ಲಿ ಒಟ್ಟೋಮನ್ ವಾಸ್ತುಶಿಲ್ಪಿ ಸಿನಾನ್ 1550ರ ದಶಕದಲ್ಲಿ ಕಟ್ಟಿದ ಸುಲೈಮಾನಿಯೆ ಮಸೀದಿಯ ಸುತ್ತ ಮದರಸಾಗಳು, ಆಸ್ಪತ್ರೆ, ದಾಸೋಹದ ಅಡುಗೆಮನೆ, ಸ್ನಾನಗೃಹ ಎಲ್ಲವೂ ಒಂದೇ ಯೋಜನೆಯ ಭಾಗಗಳಾಗಿದ್ದವು.

ಇಂದಿನ ವ್ಯತ್ಯಾಸವಿರುವುದು ಜಾಗದಲ್ಲಿ. ಹಿಂದೆ ಅಕ್ಕಪಕ್ಕದಲ್ಲಿ ಬಿಡಿಬಿಡಿಯಾಗಿ ಹರಡಿಕೊಂಡಿದ್ದ ಶಾಲೆ, ಗ್ರಂಥಾಲಯ, ಸಭಾಭವನ, ಮೃತದೇಹದ ಅಂತಿಮ ಸ್ನಾನದ ಕೋಣೆ, ಆಟದ ಅಂಗಳಗಳೆಲ್ಲ ಈಗ ಇಕ್ಕಟ್ಟಾದ ಒಂದೇ ನಿವೇಶನದಲ್ಲಿ, ಹಲವೊಮ್ಮೆ ಒಂದೇ ಮಾಡಿನ ಕೆಳಗೆ ಕೂಡಿರಬೇಕಾಗುತ್ತದೆ. ಒಂದರ ಗದ್ದಲ ಇನ್ನೊಂದರ ಮೌನವನ್ನು ಕೆಡಿಸದಂತೆ ಅವುಗಳನ್ನು ಹೊಂದಿಸುವುದೇ ಇಂದಿನ ವಾಸ್ತುಶಿಲ್ಪಿಯ ಮುಖ್ಯ ಕೆಲಸ. ಗುಮ್ಮಟದ ಆಕಾರದ ಬಗ್ಗೆ ನಡೆಯುವ ಚರ್ಚೆಯ ಕಾಲುಭಾಗವಾದರೂ ಇದರ ಬಗ್ಗೆ ನಡೆಯಬೇಕಿತ್ತು ಎಂದು ನನಗೆ ಹಲವು ಸಲ ಅನ್ನಿಸಿದೆ.

ನಾನು ಮುಸ್ಲಿಮನಲ್ಲ. ಒಳಗೆ ಎಲ್ಲಿಯವರೆಗೆ ಬರಬಹುದು?

ಇದು ಆಯಾ ಮಸೀದಿಯ ಆಡಳಿತಕ್ಕೆ ಬಿಟ್ಟದ್ದು. ಆದರೆ ಕಟ್ಟಡವೂ ಇದಕ್ಕೆ ಉತ್ತರಿಸಬಲ್ಲದು. ಮೆಲ್ಬರ್ನ್‌ನ ನ್ಯೂಪೋರ್ಟ್‌ನಲ್ಲಿ ಗ್ಲೆನ್ ಮರ್ಕಟ್ ಅವರು ಹಕನ್ ಎಲೆವ್ಲಿ ಅವರೊಂದಿಗೆ ವಿನ್ಯಾಸಗೊಳಿಸಿದ ಆಸ್ಟ್ರೇಲಿಯನ್ ಇಸ್ಲಾಮಿಕ್ ಸೆಂಟರಿನಲ್ಲಿ ಮುಂಭಾಗವನ್ನು ಗಾಜಿನಿಂದ ತೆರೆದಿಟ್ಟಿದ್ದಾರೆ. ಒಳಗೆ ಏನು ನಡೆಯುತ್ತಿದೆ ಎಂಬುದು ಹೊರಗೆ ನಿಂತವರಿಗೂ ಕಾಣಬೇಕು ಎಂಬುದೇ ಅದರ ಉದ್ದೇಶ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಾರ್ಕ್ಸ್ ಬಾರ್ಫೀಲ್ಡ್ ಸಂಸ್ಥೆ ವಿನ್ಯಾಸಗೊಳಿಸಿ 2019ರಲ್ಲಿ ತೆರೆದ ಮಸೀದಿಯಲ್ಲಿ ಬೀದಿಯಿಂದ ಮೊದಲು ಒಂದು ತೋಟ, ಅನಂತರ ಮುಖಮಂಟಪ, ಬಳಿಕ ಒಳಾಂಗಣ, ಕೊನೆಗೆ ಪ್ರಾರ್ಥನಾ ಸಭಾಂಗಣ ಬರುತ್ತವೆ. ತೋಟದ ಬೆಂಚಿನಲ್ಲಿ ಕುಳಿತುಕೊಳ್ಳಲು ಯಾರ ಅಪ್ಪಣೆಯೂ ಬೇಕಾಗದಿದ್ದರೆ, ಮುಂದಿನ ಹೆಜ್ಜೆಯ ಸಂಕೋಚ ಅರ್ಧ ಕಡಿಮೆಯಾಗುತ್ತದೆ.

## ನಕ್ಷೆಗೆ ಕುಳಿತಾಗ

ರಸ್ತೆ ಒಂದು ಕಡೆಗೆ, ಕಿಬ್ಲಾ ಇನ್ನೊಂದು ಕಡೆಗೆ. ಕಟ್ಟಡವನ್ನು ಯಾವ ಕಡೆಗೆ ತಿರುಗಿಸುವುದು?

ಇದಕ್ಕೆ ಮೂರು ಬಗೆಯ ಉತ್ತರಗಳು ರೂಢಿಯಲ್ಲಿವೆ, ಮೂರಕ್ಕೂ ತಮ್ಮವೇ ಆದ ಖರ್ಚುಗಳಿವೆ. ಮೊದಲನೆಯದು, ಇಡೀ ಕಟ್ಟಡವನ್ನೇ ತಿರುಗಿಸುವುದು. ನ್ಯೂಯಾರ್ಕಿನಲ್ಲಿ 1991ರಲ್ಲಿ ತೆರೆದ ಇಸ್ಲಾಮಿಕ್ ಕಲ್ಚರಲ್ ಸೆಂಟರ್ ಮ್ಯಾನ್‌ಹ್ಯಾಟನ್‌ನ ಚೌಕಳಿ ರಸ್ತೆಗಳಿಗೆ 29 ಡಿಗ್ರಿ ಓರೆಯಾಗಿ ನಿಂತಿದೆ. ನೋಡಿದ ಕ್ಷಣದಲ್ಲಿಯೇ ಅದು ಬೇರೆ ಬಗೆಯ ಕಟ್ಟಡವೆಂದು ತಿಳಿಯುತ್ತದೆ, ಆದರೆ ಹೀಗೆ ಮಾಡಿದಾಗ ನಿವೇಶನದ ಅಂಚುಗಳಲ್ಲಿ ಮುಕ್ಕೋನದ ತುಣುಕುಗಳು ಉಳಿದುಕೊಳ್ಳುತ್ತವೆ. ಅವು ಅಂಗಳವಾಗದಿದ್ದರೆ ಕಸದ ಮೂಲೆಗಳಾಗುತ್ತವೆ.

ಎರಡನೆಯದು, ಹೊರಗೋಡೆಯನ್ನು ರಸ್ತೆಗೆ ಒಪ್ಪಿಸಿ ಒಳಗನ್ನು ಮಾತ್ರ ತಿರುಗಿಸುವುದು. ಬೈತುರ್ ರೌಫ್ ಇದಕ್ಕೆ ನನಗೆ ತಿಳಿದಿರುವ ಅತ್ಯಂತ ಚೊಕ್ಕ ಉದಾಹರಣೆ: ಹೊರಗೊಂದು ಚೌಕ, ಅದರೊಳಗೊಂದು ಸಿಲಿಂಡರ್, ಅದರೊಳಗೆ ಸುಮಾರು 13 ಡಿಗ್ರಿ ತಿರುಗಿದ ಇನ್ನೊಂದು ಚೌಕ. ದುಂಡಗಿನ ಆಕಾರಕ್ಕೆ ತನ್ನದೇ ಆದ ದಿಕ್ಕಿಲ್ಲದ ಕಾರಣ ಒಳಗಿನ ತಿರುವು ಎಲ್ಲಿಯೂ ಜಗಳವಾಗಿ ಕಾಣುವುದಿಲ್ಲ. ಚೌಕಕ್ಕೂ ಸಿಲಿಂಡರಿಗೂ ನಡುವೆ ಉಳಿದ ಸಂದುಗಳು ಗಾಳಿ ಬೆಳಕಿನ ಬಾವಿಗಳಾಗಿವೆ. ಸಮಸ್ಯೆಯೇ ಇಲ್ಲಿ ಕಟ್ಟಡಕ್ಕೆ ಉಸಿರು ಕೊಟ್ಟಿದೆ.

ಮೂರನೆಯದು, ನಡೆಯುತ್ತ ನಡೆಯುತ್ತ ತಿರುಗಿಸುವುದು. ಕೇಂಬ್ರಿಜ್‌ನಲ್ಲಿ ಬೀದಿಯಿಂದ ಬಂದವನ ದಾರಿ ತೋಟ ಮತ್ತು ಮಂಟಪಗಳ ಮೂಲಕ ಸ್ವಲ್ಪ ಸ್ವಲ್ಪವಾಗಿ ಕಿಬ್ಲಾದ ಕಡೆಗೆ ಹೊರಳುತ್ತದೆ. ಉದ್ದನೆಯ ನಿವೇಶನವಿದ್ದಲ್ಲಿ ಮಾತ್ರ ಇದು ಸಾಧ್ಯ.

ಕಿಬ್ಲಾ ಗುರುತಿಸಲು ಮೊಬೈಲಿನ ಕಂಪಾಸ್ ಸಾಕಲ್ಲವೇ?

ಒಬ್ಬರು ಪ್ರಯಾಣದಲ್ಲಿ ನಮಾಜ್ ಮಾಡಲು ಸಾಕು; ಅಡಿಪಾಯ ಹಾಕಲು ಸಾಲದು. ಕಾಂತೀಯ ಸೂಜಿ ತೋರಿಸುವ ಉತ್ತರಕ್ಕೂ ಭೂಮಿಯ ನಿಜವಾದ ಉತ್ತರಕ್ಕೂ ವ್ಯತ್ಯಾಸವಿದೆ, ಅದು ಊರಿನಿಂದ ಊರಿಗೆ ಬದಲಾಗುತ್ತದೆ. ಜೊತೆಗೆ ನಿವೇಶನದಲ್ಲಿ ರಾಶಿ ಹಾಕಿದ ಕಬ್ಬಿಣದ ಸರಳುಗಳು, ನಿಂತ ಲಾರಿ, ಇವೆಲ್ಲ ಸೂಜಿಯನ್ನು ಅತ್ತಿತ್ತ ಎಳೆಯುತ್ತವೆ.

ದಿಕ್ಕನ್ನು ಲೆಕ್ಕ ಹಾಕುವುದು ಭೂಗೋಳದ ಮೇಲಿನ ಅತಿ ಹತ್ತಿರದ ದಾರಿಯಿಂದ. ಚಪ್ಪಟೆ ನಕ್ಷೆಯನ್ನು ನೋಡಿದರೆ ನ್ಯೂಯಾರ್ಕಿಗೆ ಮಕ್ಕಾ ಆಗ್ನೇಯಕ್ಕಿರುವಂತೆ ತೋರುತ್ತದೆ. ಗೋಳದ ಮೇಲೆ ದಾರ ಎಳೆದು ನೋಡಿದರೆ ದಾರ ಉತ್ತರದಿಂದ ಸುಮಾರು 58 ಡಿಗ್ರಿ ಪೂರ್ವಕ್ಕೆ, ಅಂದರೆ ಈಶಾನ್ಯಕ್ಕೆ ಹೊರಡುತ್ತದೆ. ಕಾಬಾದ ಅಕ್ಷಾಂಶ ಸುಮಾರು 21.42 ಡಿಗ್ರಿ ಉತ್ತರ, ರೇಖಾಂಶ 39.83 ಡಿಗ್ರಿ ಪೂರ್ವ. ನಿವೇಶನದ ಅಂಕಿಗಳು ಗೊತ್ತಿದ್ದರೆ ಸರ್ವೇಯರ್ ಇದನ್ನು ಕೆಲವೇ ನಿಮಿಷಗಳಲ್ಲಿ ಲೆಕ್ಕ ಹಾಕಿ ಕೋನ ಮತ್ತು ದೂರ ಅಳೆಯುವ ಟೋಟಲ್ ಸ್ಟೇಷನ್ ಯಂತ್ರದಿಂದ ನೆಲದ ಮೇಲೆ ಗುರುತು ಹಾಕುತ್ತಾನೆ.

ಆ ಗುರುತು ಸರಿಯೇ ಎಂದು ತಾಳೆ ನೋಡಲು ಸೂರ್ಯನೇ ವರ್ಷಕ್ಕೆರಡು ಬಾರಿ ಅವಕಾಶ ಕೊಡುತ್ತಾನೆ. ಮೇ 28ರ ಆಸುಪಾಸಿನಲ್ಲಿ ಜಾಗತಿಕ ಕಾಲಮಾನ (UTC) ಬೆಳಗ್ಗೆ 9.18ಕ್ಕೂ, ಜುಲೈ 16ರ ಆಸುಪಾಸಿನಲ್ಲಿ 9.27ಕ್ಕೂ ಸೂರ್ಯನು ಕಾಬಾದ ನೆತ್ತಿಯ ಮೇಲಿರುತ್ತಾನೆ. ಆ ಹೊತ್ತಿನಲ್ಲಿ ಸೂರ್ಯ ಕಾಣುವ ಯಾವ ಊರಿನಲ್ಲಾದರೂ ತೂಕದ ದಾರವೊಂದನ್ನು ಇಳಿಬಿಟ್ಟರೆ, ಅದರ ನೆರಳು ಬಿದ್ದ ದಿಕ್ಕಿನ ನೇರ ಎದುರು ದಿಕ್ಕೇ ಕಿಬ್ಲಾ. ಇಷ್ಟು ಅಗ್ಗವಾದ, ಇಷ್ಟು ನಿಖರವಾದ ಪರೀಕ್ಷೆ ಕಟ್ಟಡ ಕೆಲಸದಲ್ಲಿ ಬೇರೊಂದಿಲ್ಲ.

ಐನೂರು ಜನ ನಮಾಜ್ ಮಾಡಲು ಎಷ್ಟು ದೊಡ್ಡ ಸಭಾಂಗಣ ಬೇಕು?

ಒಬ್ಬರಿಗೆ ಭುಜದ ಅಗಲ 60 ಸೆಂಟಿಮೀಟರ್, ಸಜ್ದಾ ಮಾಡಲು, ಅಂದರೆ ಹಣೆ ನೆಲಕ್ಕೆ ಊರಲು, ಸಾಲಿನಿಂದ ಸಾಲಿಗೆ 120 ಸೆಂಟಿಮೀಟರ್ ಎಂದು ಹಿಡಿದರೆ ತಲಾ 0.72 ಚದರ ಮೀಟರ್ ಆಗುತ್ತದೆ. ಐನೂರು ಜನರಿಗೆ ಬರಿಯ ಸಾಲುಗಳಿಗೇ 360 ಚದರ ಮೀಟರ್. ನಮಾಜನ್ನು ಮುನ್ನಡೆಸುವ ಇಮಾಮರ ಸ್ಥಳ, ಓಡಾಟ, ಬಾಗಿಲುಗಳ ಮುಂದಿನ ಖಾಲಿ ಜಾಗ, ಕುರ್ಚಿಯಲ್ಲಿ ಕುಳಿತು ಪ್ರಾರ್ಥಿಸುವವರ ಜಾಗ ಇದರ ಮೇಲೆ ಸೇರಬೇಕು. ಮುಂದಿನ ಸಾಲುಗಳಲ್ಲಿ ನಿಲ್ಲುವುದು ಶ್ರೇಷ್ಠವೆಂಬ ನಂಬಿಕೆಯಿರುವುದರಿಂದ ಸಭಾಂಗಣವು ಆಳಕ್ಕಿಂತ ಅಗಲವಾಗಿರುವುದು ಒಳ್ಳೆಯದು: 20 ಮೀಟರ್ ಅಗಲವಿದ್ದರೆ ಒಂದು ಸಾಲಿಗೆ 33 ಜನ, 15 ಸಾಲಿಗೆ 18 ಮೀಟರ್ ಆಳ.

ಆದರೆ ಶುಕ್ರವಾರದ ಸಂಖ್ಯೆಗೆ ಕಟ್ಟಿದ ಸಭಾಂಗಣ ಉಳಿದ ದಿನ ಬೆಳಗಿನ ನಮಾಜಿನ ಒಂದೂವರೆ ಸಾಲಿಗೆ ಬಣಗುಟ್ಟುತ್ತದೆ, ಈದ್ ದಿನ ಅದೇ ಸಭಾಂಗಣ ಸಾಲುವುದಿಲ್ಲ. ಸಮುದಾಯ ಭವನ ಉಪಯೋಗಕ್ಕೆ ಬರುವುದು ಇಲ್ಲಿಯೇ. ಮಡಚುವ ಗೋಡೆಯನ್ನು ಸರಿಸಿದಾಗ ಭವನದ ನೆಲ ಪ್ರಾರ್ಥನಾ ಸಭಾಂಗಣದ ನೆಲದ ಮಟ್ಟಕ್ಕೇ ಇರಬೇಕು, ಅದರ ಗೋಡೆಗಳೂ ಕಿಬ್ಲಾಕ್ಕೆ ಹೊಂದಿಕೊಂಡಿರಬೇಕು, ಮುಖ್ಯವಾಗಿ ಅದು ಸಭಾಂಗಣದ ಹಿಂದೆ ಅಥವಾ ಪಕ್ಕದಲ್ಲಿರಬೇಕು. ಇಮಾಮರಿಗಿಂತ ಮುಂದೆ ಯಾರೂ ನಿಲ್ಲುವಂತಿಲ್ಲವಾದ್ದರಿಂದ ಕಿಬ್ಲಾ ಗೋಡೆಯ ಆಚೆಗೆ ಕಟ್ಟಿದ ಭವನ ಈದ್ ದಿನ ನಿರುಪಯೋಗಿ. ಗೊತ್ತಿದ್ದೂ ಮಾಡುವ ತಪ್ಪಿದು; ರಸ್ತೆಗೆ ಭವನದ ಮುಖ ಕಾಣಲಿ ಎಂಬ ಆಸೆ ಅದಕ್ಕೆ ಕಾರಣ.

ಪಾದರಕ್ಷೆಯ ಗೊಂದಲ ಮತ್ತು ವುಜೂ ಕೋಣೆಯ ಒದ್ದೆ ನೆಲ: ಇವಕ್ಕೆ ಪರಿಹಾರವೇ ಇಲ್ಲವೇ?

ಇದೆ, ಆದರೆ ಅದು ಟೈಲ್ಸ್ ಆಯ್ಕೆಯ ಹಂತದಲ್ಲಿ ಸಿಗುವುದಿಲ್ಲ, ದಾರಿಗಳನ್ನು ಎಳೆಯುವ ಹಂತದಲ್ಲಿಯೇ ಸಿಗಬೇಕು. ಬೀದಿಯ ಧೂಳಿನ ಕಾಲು, ವುಜೂ ಮಾಡಿದ ಒದ್ದೆ ಕಾಲು, ರತ್ನಗಂಬಳಿಯ ಮೇಲಿನ ಒಣಗಿದ ಕಾಲು, ಈ ಮೂರರ ಹಾದಿಗಳು ಒಂದನ್ನೊಂದು ದಾಟಬಾರದು. ಪಾದರಕ್ಷೆ ಕಳಚಿದ ಮೇಲೆಯೇ ವುಜೂ ಕೋಣೆ ಬರಬೇಕು, ಅಲ್ಲಿಂದ ಹೊರಟವನು ಪಾದರಕ್ಷೆಯ ವಲಯವನ್ನು ಮತ್ತೆ ಮೆಟ್ಟದೆ ಸಭಾಂಗಣ ಸೇರಬೇಕು. ನಡುವೆ ನೀರು ಹೀರುವ ಚಾಪೆಗೆ ಕೆಲವು ಹೆಜ್ಜೆಗಳ ಜಾಗ ಬೇಕು. ಶೌಚಾಲಯದ ಬಾಗಿಲು ಈ ಹಾದಿಗೆ ನೇರವಾಗಿ ತೆರೆಯಬಾರದು, ಶೌಚದ ಆಸನ ಕಿಬ್ಲಾದ ಕಡೆಗೆ ಮುಖವನ್ನಾಗಲೀ ಬೆನ್ನನ್ನಾಗಲೀ ಮಾಡಿರಬಾರದು.

ವುಜೂ ಆಸನ 40ರಿಂದ 45 ಸೆಂಟಿಮೀಟರ್ ಎತ್ತರವಿದ್ದರೆ ವಯಸ್ಸಾದವರಿಗೂ ಎದ್ದು ಕೂರಲು ಸುಲಭ. ನಿಂತು ಮಾಡುವವರಿಗೆ, ಗಾಲಿಕುರ್ಚಿಯವರಿಗೆ, ಮಕ್ಕಳಿಗೆ ಬೇರೆ ಬೇರೆ ಎತ್ತರದ ಒಂದೆರಡು ನಲ್ಲಿಗಳಿರಲಿ. ಇನ್ನು ನೀರಿನ ಮಾತು: ಪ್ರವಾದಿಯವರು ಒಂದು ಮುದ್ದ್, ಅಂದರೆ ಒಂದು ಲೀಟರಿಗೂ ಕಡಿಮೆ ನೀರಿನಲ್ಲಿ ವುಜೂ ಮಾಡುತ್ತಿದ್ದರೆಂದು ಅವರ ನಡೆನುಡಿಗಳ ದಾಖಲೆಯಾದ ಹದೀಸ್ ಹೇಳುತ್ತದೆ. ನಿಮಿಷಕ್ಕೆ 6 ಲೀಟರ್ ಹರಿಸುವ ನಲ್ಲಿಯನ್ನು ಎರಡು ನಿಮಿಷ ತೆರೆದಿಟ್ಟರೆ ಹೋಗುವುದು 12 ಲೀಟರ್. ಈ ನೀರಿನಲ್ಲಿ ಕೊಳೆ ಕಡಿಮೆ. ಸೋಸಿ ಶೌಚಾಲಯದ ಫ್ಲಶ್‌ಗೂ ಗಿಡಗಳಿಗೂ ಬಳಸಲು ಪ್ರತ್ಯೇಕ ಕೊಳವೆಯನ್ನು ಮೊದಲೇ ಹಾಕಿಸಿಡಬೇಕು.

ಮಹಿಳೆಯರಿಗೆ ಯಾವಾಗಲೂ ಹಿಂದಿನ ಬಾಗಿಲು, ಇಕ್ಕಟ್ಟಿನ ಮೆಟ್ಟಿಲು, ಕತ್ತಲ ಕೋಣೆಯೇ ಏಕೆ?

ಅಂತಹ ಕಡ್ಡಾಯ ಎಲ್ಲಿಯೂ ಇಲ್ಲ. ನಕ್ಷೆ ಮುಗಿದ ಮೇಲೆ ಉಳಿದ ಜಾಗವನ್ನು ಅವರಿಗೆ ಕೊಡುವ ಅಭ್ಯಾಸದ ಫಲ ಅದು. ಪ್ರತ್ಯೇಕತೆ ಬೇಕೆನ್ನುವ ಸಮುದಾಯದಲ್ಲಿಯೂ ಅದನ್ನು ಸಾಧಿಸಲು ಹಲವು ದಾರಿಗಳಿವೆ: ಒಂದೇ ಮಟ್ಟದಲ್ಲಿ ಪಕ್ಕಪಕ್ಕದ ಜಾಗ, ಹಿಂದೆ ಎತ್ತರಿಸಿದ ಜಗಲಿ, ಮಹಡಿ, ಅಥವಾ ಬೇಕಾದಂತೆ ಸರಿಸಬಹುದಾದ ತೆರೆ. ಇಸ್ತಾಂಬುಲ್‌ನ ಹೊರವಲಯದಲ್ಲಿ ಎಮ್ರೆ ಅರೋಲತ್ ವಿನ್ಯಾಸಗೊಳಿಸಿದ ಸಂಜಕ್ಲರ್ ಮಸೀದಿಯಲ್ಲಿ ಮಹಿಳೆಯರು ಅದೇ ಸಭಾಂಗಣದಲ್ಲಿ, ಪುರುಷರ ಪಕ್ಕದ ಭಾಗದಲ್ಲಿ ಪ್ರಾರ್ಥಿಸುತ್ತಾರೆ. ಕೇಂಬ್ರಿಜ್‌ನಲ್ಲಿ ತೆರೆಗಳನ್ನು ಸರಿಸಬಹುದು.

ನಕ್ಷೆಯನ್ನು ಪರೀಕ್ಷಿಸಲು ನನ್ನಲ್ಲೊಂದು ಸರಳ ಕ್ರಮವಿದೆ. ತಳ್ಳುಗಾಡಿಯಲ್ಲಿ ಮಗುವನ್ನು ಕರೆದುಕೊಂಡು ಬಂದ ತಾಯಿಯೊಬ್ಬಳು ಬೀದಿಯಿಂದ ತನ್ನ ಸಾಲಿನವರೆಗೆ ಬರುವ ದಾರಿಯನ್ನು ಪೆನ್ಸಿಲಿನಲ್ಲಿ ಎಳೆಯಿರಿ: ಮುಂಬಾಗಿಲಿನಿಂದ ಬರಬಹುದೇ, ಲಿಫ್ಟ್ ಇದೆಯೇ, ವುಜೂ ಕೋಣೆ ಅವಳ ಅಂತಸ್ತಿನಲ್ಲಿಯೇ ಇದೆಯೇ, ಇಮಾಮರು ಅವಳಿಗೆ ಕಾಣುತ್ತಾರೆಯೇ, ಧ್ವನಿ ಸ್ಪಷ್ಟವಾಗಿ ಕೇಳುತ್ತದೆಯೇ. ಪೆನ್ಸಿಲ್ ಎಲ್ಲಿ ನಿಂತಿತೋ ಅಲ್ಲಿಂದ ತಿದ್ದಲು ಆರಂಭಿಸಬೇಕು.

ಮಿನಾರ್ ಬೇಕೇ ಬೇಡವೇ ಎಂದು ನಮ್ಮ ಸಮಿತಿಯಲ್ಲಿ ಎರಡು ಬಣಗಳಾಗಿವೆ. ಏನು ಹೇಳುತ್ತೀರಿ?

ಧ್ವನಿವರ್ಧಕ ಬಂದ ಮೇಲೆ ಮಿನಾರಿನ ಮೂಲ ಕೆಲಸ ಮುಗಿದಿದೆ. ಈಗ ಉಳಿದಿರುವುದು ಗುರುತಿನ ಕೆಲಸ. ಗುರುತು ಬೇಡವಾದದ್ದೇನೂ ಅಲ್ಲ. ದೂರದಿಂದ ಬಂದವನಿಗೆ ಮಸೀದಿ ಎಲ್ಲಿದೆ ಎಂದು ತಿಳಿಯಬೇಕು, ನಗರದಲ್ಲಿ ತನಗೂ ಒಂದು ಸ್ಥಾನವಿದೆ ಎಂದು ಸಮುದಾಯಕ್ಕೆ ಅನ್ನಿಸಬೇಕು. ಸ್ವಿಟ್ಜರ್ಲೆಂಡಿನಲ್ಲಿ 2009ರ ಜನಮತದ ಮೂಲಕ ಹೊಸ ಮಿನಾರ್‌ಗಳನ್ನು ನಿಷೇಧಿಸಿದ್ದು ಈ ಗುರುತಿನ ಭಾರ ಎಷ್ಟೆಂಬುದನ್ನು ತೋರಿಸುತ್ತದೆ. ಜರ್ಮನಿಯ ಕಲೋನ್‌ನಲ್ಲಿ ಪೌಲ್ ಬೋಮ್ ವಿನ್ಯಾಸಗೊಳಿಸಿದ ಮಸೀದಿಗೆ 55 ಮೀಟರ್ ಎತ್ತರದ ಎರಡು ಮಿನಾರ್‌ಗಳಿವೆ. ಸಂಜಕ್ಲರ್‌ನಲ್ಲಿ ಇಡೀ ಮಸೀದಿ ಇಳಿಜಾರಿನೊಳಗೆ ಹುದುಗಿದ್ದು ಕಲ್ಲಿನ ನಿಲುವೊಂದು ಮಾತ್ರ ಅದರ ಇರವನ್ನು ಹೇಳುತ್ತದೆ. ಎರಡೂ ಯೋಚಿಸಿ ಮಾಡಿದ ಆಯ್ಕೆಗಳು. ನನ್ನ ವೈಯಕ್ತಿಕ ಒಲವು ಹೀಗಿದೆ: ಲಿಫ್ಟಿಗೂ ವುಜೂ ಕೋಣೆಗೂ ಹಣ ಸಾಲದಿದ್ದರೆ ಮಿನಾರ್ ಕಾಯಲಿ.

## ಇನ್ನಷ್ಟು ಆಳಕ್ಕೆ

ಸಭಾಂಗಣ ಸುಂದರವಾಗಿದೆ, ಆದರೆ ಪ್ರವಚನದ ಒಂದು ಮಾತೂ ಅರ್ಥವಾಗುವುದಿಲ್ಲ. ತಪ್ಪು ಮೈಕಿನದೇ?

ಬಹುತೇಕ ಸಂದರ್ಭಗಳಲ್ಲಿ ಮೈಕ್ ನಿರಪರಾಧಿ. ಗಟ್ಟಿ ಗೋಡೆ, ಎತ್ತರದ ಮಾಡು, ಗುಮ್ಮಟ ಸೇರಿದಾಗ ಶಬ್ದ ಬೇಗನೆ ಸಾಯುವುದಿಲ್ಲ. ಹಿಂದಿನ ಪದದ ಬಾಲ ಮುಂದಿನ ಪದದ ಮೇಲೆ ಬೀಳುತ್ತದೆ. ಮಾತು ಸ್ಪಷ್ಟವಾಗಿ ಕೇಳಲು ಈ ಅನುರಣನದ ಅವಧಿ ಸುಮಾರು 1ರಿಂದ 1.5 ಸೆಕೆಂಡುಗಳಲ್ಲಿರಬೇಕು. ಕುರ್‌ಆನ್ ಪಠಣಕ್ಕಾದರೋ ಸ್ವಲ್ಪ ದೀರ್ಘವಾದ ಅನುರಣನ ಹಿತ. ಒಂದೇ ಸಭಾಂಗಣ ಎರಡಕ್ಕೂ ಒದಗಬೇಕಾಗಿರುವುದು ಇಲ್ಲಿನ ಕಷ್ಟ.

ರತ್ನಗಂಬಳಿ ಹಾಸಿದ್ದೇವಲ್ಲ ಎಂದು ಹಲವರು ಹೇಳುತ್ತಾರೆ. ರತ್ನಗಂಬಳಿ ಕೀರಲು ಸ್ವರಗಳನ್ನು ಹೀರುತ್ತದೆ, ತಗ್ಗಿನ ಸ್ವರಗಳನ್ನು ಹಾಗೆಯೇ ಬಿಡುತ್ತದೆ. ಆದ್ದರಿಂದ ಧ್ವನಿ ಗುಮ್ಮೆನ್ನುತ್ತದೆ. ಗುಮ್ಮಟದ ಒಳಮೈ ಕನ್ನಡಿಯಂತೆ ಶಬ್ದವನ್ನು ಒಂದೆಡೆಗೆ ಸೇರಿಸುವುದರಿಂದ ಅದರ ವಕ್ರತೆಯ ಕೇಂದ್ರ ಕೇಳುಗರ ಕಿವಿಯ ಎತ್ತರಕ್ಕೆ ಬೀಳದಂತೆ ಆಕಾರವನ್ನು ಆರಂಭದಲ್ಲಿಯೇ ಗೊತ್ತುಮಾಡಬೇಕು. ಹಳೆಯ ಕಟ್ಟುಗಾರರಿಗೂ ಈ ತೊಂದರೆ ಗೊತ್ತಿತ್ತು. ಸಿನಾನ್ ಸುಲೈಮಾನಿಯೆಯ ಗುಮ್ಮಟದಲ್ಲಿ ಟೊಳ್ಳು ಗಡಿಗೆಗಳನ್ನು ಹುದುಗಿಸಿದ್ದನು. ಇಂದು ಅದೇ ಕೆಲಸವನ್ನು ರಂಧ್ರವುಳ್ಳ ಮರದ ಹಲಗೆಗಳೂ ಅವುಗಳ ಹಿಂದಿನ ಉಣ್ಣೆಯ ಪದರವೂ ಮಾಡಬಲ್ಲವು. ಜ್ಯಾಮಿತೀಯ ಜಾಲರಿಯೇ ಈ ಹಲಗೆಯಾದರೆ ಅಲಂಕಾರಕ್ಕೂ ಶಬ್ದಕ್ಕೂ ಬೇರೆ ಬೇರೆ ಖರ್ಚಿಲ್ಲ. ಎರಡು ದೊಡ್ಡ ಸ್ಪೀಕರ್‌ಗಳ ಬದಲು ಹಲವು ಸಣ್ಣ ಸ್ಪೀಕರ್‌ಗಳನ್ನು, ದೂರಕ್ಕೆ ತಕ್ಕ ವಿಳಂಬದೊಂದಿಗೆ, ಕೇಳುಗರ ಹತ್ತಿರ ಇಡಬೇಕು. ಖಾಲಿ ಸಭಾಂಗಣದಲ್ಲಿ ಮಾಡಿದ ಪರೀಕ್ಷೆಯನ್ನು ನಂಬಿ ಕೂರಬಾರದು: ಶುಕ್ರವಾರ ತುಂಬಿದ ಸಭಾಂಗಣದಲ್ಲಿ ಮನುಷ್ಯರೇ ಶಬ್ದ ಹೀರುತ್ತಾರೆ.

ಚಿತ್ರ, ವಿಗ್ರಹ ಇಲ್ಲದೆ ಆಧುನಿಕ ಮಸೀದಿ ಬೋಳಾಗಿ ಕಾಣುವುದಿಲ್ಲವೇ?

ಬೆಳಕು ಇರುವವರೆಗೆ ಇಲ್ಲ. ಬೋಸ್ನಿಯಾದ ವಿಸೋಕೊದಲ್ಲಿ ಜ್ಲಾತ್ಕೊ ಉಗ್ಲೆನ್ 1980ರಲ್ಲಿ ಮುಗಿಸಿದ ಬಿಳಿಯ ಮಸೀದಿಯಲ್ಲಿ ಐದು ಬೆಳಕಿಂಡಿಗಳು ಬಿಳಿಯ ಗೋಡೆಗಳ ಮೇಲೆ ದಿನವಿಡೀ ಬೆಳಕಿನ ಆಟ ನಡೆಸುತ್ತವೆ. ನ್ಯೂಪೋರ್ಟ್‌ನ ಮಾಡಿನ ಮೇಲೆ ಲಾಂದ್ರದಂತೆ ಎದ್ದು ನಿಂತ 96 ಬೆಳಕಿಂಡಿಗಳಿವೆ. ಒಂದೊಂದು ದಿಕ್ಕಿನ ಗಾಜಿಗೆ ಒಂದೊಂದು ಬಣ್ಣವಿರುವುದರಿಂದ ಸೂರ್ಯ ಚಲಿಸಿದಂತೆ ನೆಲದ ಮೇಲಿನ ಬಣ್ಣವೂ ಬದಲಾಗುತ್ತದೆ. ಐದು ಹೊತ್ತಿನ ನಮಾಜೂ ಸೂರ್ಯನ ಚಲನೆಗೆ ಕಟ್ಟುಬಿದ್ದಿರುವುದರಿಂದ ಇದು ಬರಿಯ ಅಲಂಕಾರವಲ್ಲ. ಅಂಕಾರಾದ ಸಂಸತ್ತಿನ ಮಸೀದಿಯಲ್ಲಿ ವಾಸ್ತುಶಿಲ್ಪಿಗಳಾದ ಚಿನಿಚಿ ತಂದೆ-ಮಗ ಕಿಬ್ಲಾ ಗೋಡೆಯನ್ನೇ ಗಾಜಿನದಾಗಿಸಿ ಆಚೆಗಿನ ತಗ್ಗು ತೋಟವನ್ನು ಒಳಕ್ಕೆ ತಂದರು. ಪ್ರಾರ್ಥಿಸುವವನ ಗಮನ ಚದುರುತ್ತದೆ ಎಂಬ ಆಕ್ಷೇಪ ಇಂತಹ ಗೋಡೆಗೆ ಬರುವುದು ಸಹಜ. ತೋಟದಲ್ಲಿ ಜನರ ಓಡಾಟವಿದ್ದರೆ ಆ ಆಕ್ಷೇಪ ನ್ಯಾಯವೂ ಹೌದು.

ಶುಕ್ರವಾರ ಉಸಿರುಗಟ್ಟುತ್ತದೆ, ಉಳಿದ ದಿನ ಎಸಿಯ ಬಿಲ್ ಭರಿಸಲಾಗುವುದಿಲ್ಲ. ಏನು ಮಾಡಬಹುದು?

ಸಭಾಂಗಣವನ್ನು ಗಾಳಿಯ ಮಟ್ಟಿಗೆ ಭಾಗ ಮಾಡಿಕೊಳ್ಳಬೇಕು. ದಿನನಿತ್ಯದ ಎರಡು ಮೂರು ಸಾಲಿಗೆ ಮುಂಭಾಗ ಮಾತ್ರ ತಂಪಾಗಲಿ ಅಥವಾ ಬೆಚ್ಚಗಾಗಲಿ. ಉಳಿದ ಭಾಗಗಳ ಫ್ಯಾನುಗಳನ್ನು ಇಂಗಾಲದ ಡೈಆಕ್ಸೈಡ್ ಅಳೆಯುವ ಸಂವೇದಕಗಳು ಜನ ತುಂಬಿದಾಗ ಚಾಲೂ ಮಾಡಲಿ. ಎತ್ತರದ ಮಾಡು ಇದ್ದಲ್ಲಿ ಬಿಸಿಗಾಳಿ ತಾನಾಗಿ ಮೇಲೇರುತ್ತದೆ, ಅದು ಹೊರಹೋಗಲು ಮೇಲೆ ಕಿಂಡಿಯಿದ್ದರೆ ಯಂತ್ರದ ಕೆಲಸ ಕಡಿಮೆಯಾಗುತ್ತದೆ.

ಹಳೆಯ ಕಟ್ಟಡವನ್ನು ಮಸೀದಿಯಾಗಿ ಪರಿವರ್ತಿಸುವುದು ಒಳ್ಳೆಯದೇ, ಅಥವಾ ಕೆಡವಿ ಕಟ್ಟುವುದೇ?

ಲಂಡನ್ನಿನ ಬ್ರಿಕ್ ಲೇನ್‌ನಲ್ಲಿರುವ ಜಾಮೆ ಮಸೀದಿಯ ಕಟ್ಟಡ 1743ರಲ್ಲಿ ಫ್ರಾನ್ಸಿನಿಂದ ಬಂದ ಪ್ರೊಟೆಸ್ಟೆಂಟರ ಚರ್ಚಾಗಿ ಹುಟ್ಟಿ, ನಂತರ ಯೆಹೂದಿಗಳ ಸಿನಗಾಗ್ ಆಗಿ, 1976ರಿಂದ ಮಸೀದಿಯಾಗಿದೆ. ಇಂತಹ ಕಟ್ಟಡಗಳಲ್ಲಿ ಸಾಲುಗಳು ಗೋಡೆಗೆ ಓರೆಯಾಗಿ ಬರುವುದು ಸಾಮಾನ್ಯ, ಅದರಿಂದ ಜಾಗ ನಷ್ಟವಾಗುತ್ತದೆ. ಆದರೆ ನೆರೆಹೊರೆಯ ನೆನಪಿನಲ್ಲಿ ಈಗಾಗಲೇ ಸ್ಥಾನವಿರುವ ಕಟ್ಟಡ ಸಿಕ್ಕುವುದು ಸಣ್ಣ ಲಾಭವಲ್ಲ.

ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ ನನಗೆ ಇನ್ನೂ ಪ್ರಿಯವಾದದ್ದು. ನೈಜರ್ ದೇಶದ ದಂಡಾಜಿ ಎಂಬ ಹಳ್ಳಿಯಲ್ಲಿ ಅಲ್ಲಿನ ಹೌಸಾ ಜನರ ಶೈಲಿಯ ಮಣ್ಣಿನ ಹಳೆಯ ಮಸೀದಿ ಸಾಲದೆ ಹೊಸದನ್ನು ಕಟ್ಟಬೇಕಾಯಿತು. ವಾಸ್ತುಶಿಲ್ಪಿಗಳಾದ ಮರಿಯಮ್ ಕಮರಾ ಮತ್ತು ಯಾಸಮಾನ್ ಇಸ್ಮಾಯಿಲಿ ಹಳೆಯದನ್ನು ಕೆಡವದೆ, ಅದರ ಮೂಲ ಗಾರೆಯವರನ್ನೇ ಕರೆಸಿ ದುರಸ್ತಿ ಮಾಡಿಸಿ, ಅದನ್ನು ಗ್ರಂಥಾಲಯವೂ ಸಮುದಾಯ ಕೇಂದ್ರವೂ ಆಗಿಸಿದರು. ಪಕ್ಕದಲ್ಲಿ ಒತ್ತಿದ ಮಣ್ಣಿಟ್ಟಿಗೆಯ ಹೊಸ ಮಸೀದಿಯನ್ನು ಕಟ್ಟಿದರು. 2018ರಲ್ಲಿ ಮುಗಿದ ಈ ಹಿಕ್ಮಾ ಸಂಕೀರ್ಣದಲ್ಲಿ ಓದುವ ಮಕ್ಕಳೂ ಪ್ರಾರ್ಥಿಸುವ ಹಿರಿಯರೂ ಒಂದೇ ಅಂಗಳವನ್ನು ಹಂಚಿಕೊಳ್ಳುತ್ತಾರೆ.

ಹಣ ಒಮ್ಮೆಲೇ ಸಿಗುವುದಿಲ್ಲ. ಹಂತ ಹಂತವಾಗಿ ಕಟ್ಟುವುದಾದರೆ ಮೊದಲು ಯಾವುದನ್ನು ಕಟ್ಟಬೇಕು?

ಕಿಬ್ಲಾ ಗೋಡೆಯನ್ನು ಅದರ ಶಾಶ್ವತ ಜಾಗದಲ್ಲಿ ಮೊದಲು ಕಟ್ಟಿ, ಬೆಳವಣಿಗೆಯನ್ನು ಅದರ ಹಿಂದಕ್ಕೆ ಮತ್ತು ಪಕ್ಕಗಳಿಗೆ ಬಿಡಿ. ಆ ಬೆಳವಣಿಗೆಯ ದಾರಿಯಲ್ಲಿ ಮೆಟ್ಟಿಲು, ನೀರಿನ ತೊಟ್ಟಿ, ಚರಂಡಿಗಳನ್ನು ಇಡಬೇಡಿ. ಅವೆಲ್ಲವನ್ನೂ ಮುಂದೆ ಬದಲಾಗದ ಒಂದೇ ಪಕ್ಕಕ್ಕೆ ಸೇರಿಸಿ, ಪೂರ್ಣಗೊಂಡ ಕೇಂದ್ರಕ್ಕೆ ಬೇಕಾಗುವ ಗಾತ್ರದ ಕೊಳವೆಗಳನ್ನು ಮೊದಲ ಹಂತದಲ್ಲಿಯೇ ನೆಲದಡಿ ಹಾಕಿಸಿ. ಮೊದಲ ಹಂತದಲ್ಲಿ ಸಣ್ಣ ಸಭಾಂಗಣ, ಪೂರ್ಣ ಪ್ರಮಾಣದ ವುಜೂ ಕೋಣೆಗಳು, ಮತ್ತು ತರಗತಿಯೂ ಸಭೆಯೂ ನಡೆಯಬಹುದಾದ ಒಂದು ಕೋಣೆ ಇದ್ದರೆ ಕೇಂದ್ರ ಆ ದಿನದಿಂದಲೇ ಕೆಲಸ ಮಾಡತೊಡಗುತ್ತದೆ. ಹಿಂದಿನ ಗೋಡೆಯ ಕಂಬಗಳ ನಡುವೆ ಭಾರ ಹೊರದ ಇಟ್ಟಿಗೆಯನ್ನು ಮಾತ್ರ ತುಂಬಿಸಿ, ಮೇಲೆ ತೊಲೆಯನ್ನು ಈಗಲೇ ಹಾಕಿಸಿ. ಎರಡನೆಯ ಹಂತದ ದಿನ ಆ ಇಟ್ಟಿಗೆಯನ್ನು ತೆಗೆದರೆ ಸಾಲುಗಳು ಹಿಂದಕ್ಕೆ ಮುಂದುವರಿಯುತ್ತವೆ.